ಕಣಜ ಎದ್ದ ದಿನ

ರೈಲು ನಮ್ಮ ಊರಿಗೆ ಬರಲಿಲ್ಲ. ನಾವೇ ಊರನ್ನು ಹೊತ್ತುಕೊಂಡು ರೈಲಿನ ಹತ್ತಿರ ಹೋದೆವು. ಆಗ ನನಗೆ ನಲವತ್ತೊಂದು ವರ್ಷ. ನನ್ನ ಹೆಸರು ಅಡಿವೆಪ್ಪ, ಗಾಡಿ ಹೊಡೆಯುವುದು ಕೆಲಸ. ಊರಿನ ಜೋಳ, ಕಡಲೆ, ಕುಸುಬಿಯನ್ನು ಮೂರು ದಿನದ ಹಾದಿಯಾಚೆ ಉತ್ತರಕ್ಕಿದ್ದ ಪೇಟೆಗೆ ಒಯ್ದು, ಅಲ್ಲಿಂದ ಉಪ್ಪು, ಬಟ್ಟೆ, ಸೀಮೆಎಣ್ಣೆ ತರುತ್ತಿದ್ದೆ. ಇಪ್ಪತ್ತೆರಡು ವರ್ಷ ಅದೇ ಹಾದಿ. ಈಗ ಸ್ಟೇಷನ್ನಿನ ಕಟ್ಟೆಯ ಮೇಲೆ ಕೂತು ಇದನ್ನೆಲ್ಲ ಹೇಳಿದರೆ ಹೊರಗಿನಿಂದ ಬಂದವರು ನಗುತ್ತಾರೆ. ನಗಲಿ. ಅವತ್ತು ಕಣಜದ ಕೆಳಗೆ ಹೆಗಲು ಕೊಟ್ಟವನು ನಾನು. ಅದಕ್ಕೂ ಮೊದಲು ಹತ್ತು ದಿನ ಅದನ್ನು ಏಳಗೊಡದವನೂ ನಾನೇ.

ಮನೆ ಎತ್ತುವುದು ನಮ್ಮಲ್ಲಿ ಅಜ್ಜ ಮುತ್ತಜ್ಜರ ಕಾಲದಿಂದ ಇದ್ದ ರೂಢಿ. ಮನೆಯಲ್ಲಿರುವವರೆಲ್ಲ ಮನಸ್ಸಿನಿಂದ ಒಪ್ಪಿ ನಾಲ್ಕು ಮೂಲೆಗೆ ಕೈ ಹಾಕಿದರೆ ಮಣ್ಣಿನ ಗೋಡೆ, ಮಾಳಿಗೆ, ಒಲೆ, ಬೀಸುಕಲ್ಲು ಸಮೇತ ಮನೆ ಎದ್ದು ಬರುತ್ತಿತ್ತು. ಮೇವಿನ ಹೊರೆಯಷ್ಟು ಭಾರ, ಹೆಚ್ಚಿಲ್ಲ. ಒಬ್ಬರ ಮನಸ್ಸು ಹಿಂದೆ ಸರಿದಿದ್ದರೆ ಎಂಟು ಜೋಡಿ ಎತ್ತು ಹೂಡಿದರೂ ಗೋಡೆ ಮಿಸುಕುತ್ತಿರಲಿಲ್ಲ. ಬಾಯಲ್ಲಿ ಹೂಂ ಅಂದದ್ದು ಲೆಕ್ಕಕ್ಕೆ ಬರುತ್ತಿರಲಿಲ್ಲ. ಹಳ್ಳದ ನೀರು ಮೇಲೆ ಬಂದ ವರ್ಷ ಮನೆಗಳನ್ನು ದಿನ್ನೆಗೆ ಒಯ್ಯುತ್ತಿದ್ದೆವು, ಬೇಸಿಗೆಯಲ್ಲಿ ಬೇವಿನ ಮರಗಳ ಕಡೆಗೆ ಸರಿಸುತ್ತಿದ್ದೆವು. ಹೆಣ್ಣು ಕೊಡಲು ಬಂದವರು ಹೊಲ ಎಷ್ಟಿದೆ ಎಂದು ಕೇಳುವ ಮೊದಲು ನಿಮ್ಮ ಮನೆ ಕೊನೆಯ ಸಲ ಯಾವಾಗ ಎದ್ದಿತ್ತು ಎಂದು ಕೇಳುತ್ತಿದ್ದರು. ಅಣ್ಣತಮ್ಮಂದಿರು ಮಾತು ಬಿಟ್ಟ ಮನೆಗಳು ಹದಿನೈದು ವರ್ಷ ಕೂತಲ್ಲೇ ಕೂತು, ಮಳೆಗಾಲದಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ನಿಲ್ಲುತ್ತಿದ್ದವು. ಮಾತು ಬಂದ ಮಕ್ಕಳ ಒಪ್ಪಿಗೆಯೂ ಬೇಕಿತ್ತು. ಕುಂಬಾರರ ಮನೆ ಒಮ್ಮೆ ನಾಲ್ಕು ದಿನ ಏಳಲಿಲ್ಲ. ಆಮೇಲೆ ಗೊತ್ತಾಯಿತು, ಆ ಮನೆಯ ಸಣ್ಣ ಹುಡುಗಿಗೆ ತಾನು ಹಚ್ಚಿದ ಹೀರೆಬಳ್ಳಿಯನ್ನು ಬಿಟ್ಟು ಹೋಗಲು ಮನಸ್ಸಿರಲಿಲ್ಲ. ಬಳ್ಳಿಯನ್ನು ಮಣ್ಣಿನ ಸಮೇತ ಬುಟ್ಟಿಗೆ ಹಾಕಿಕೊಂಡ ಮೇಲೆ ಮನೆ ಎದ್ದಿತು.

ಊರಿನಲ್ಲಿ ಎಂದೂ ಎತ್ತದೆ ಇದ್ದದ್ದು ಕಣಜ ಒಂದೇ. ಹಿಂದೆ ಕಾಳನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುತ್ತಿದ್ದೆವು. ಒಂದು ವರ್ಷ ಹಗೇವಿಗೆ ನೀರು ಇಳಿದು ಇಡೀ ಊರಿನ ಜೋಳ ಕೊಳೆತುಹೋದ ಮೇಲೆ ನೆಲದ ಮೇಲೆಯೇ ಕಣಜ ಕಟ್ಟುವುದೆಂದು ಠರಾವಾಯಿತು. ಮನೆಗೊಂದು ತೊಲೆ ಎಂದು ನಲವತ್ತೆರಡು ಮನೆಗಳೂ ಕೊಟ್ಟವು. ಮೂರು ಅಂಕಣದ ಕಟ್ಟಡ, ಕಲ್ಲಿನ ತಳ, ಸಾಗವಾನಿ ಬಾಗಿಲು. ಅದು ಎಲ್ಲರದ್ದು. ಆದ್ದರಿಂದ ಅದನ್ನು ಎತ್ತಬೇಕಾದರೆ ಊರಿಗೆ ಊರೇ ಒಪ್ಪಬೇಕಿತ್ತು. ಅಂಥ ಸಂದರ್ಭ ಬಂದೀತೆಂದು ಯಾರೂ ಎಣಿಸಿರಲಿಲ್ಲ.

ರೈಲು ಕಂಪನಿಯ ಇಂಜಿನಿಯರ್ ವಾಮನರಾಯರು ಸುಗ್ಗಿ ಮುಗಿದ ಕೂಡಲೇ ಕುದುರೆಯ ಮೇಲೆ ಬಂದರು. ಎರಡು ಮೈಲು ದೂರದಲ್ಲಿ ಹಳಿ ಹಾಕುವ ಕೆಲಸ ನಡೆದಿತ್ತು. ನಮ್ಮ ಗೌಡರು, ನೀಲನಗೌಡರು, ರೈಲು ನಮ್ಮಲ್ಲಿ ನಿಲ್ಲಬೇಕಾದರೆ ಏನು ಮಾಡಬೇಕೆಂದು ಕೇಳಿದರು. ಜನ ಎಲ್ಲಿ ಇದ್ದರೂ ತಮಗೆ ಸಂಬಂಧವಿಲ್ಲ, ಹಳಿಯ ಪಕ್ಕದಲ್ಲಿ ಸಾವಿರ ಚೀಲ ಹಿಡಿಸುವ ಕಣಜ ಬೇಕು ಎಂದರು ವಾಮನರಾಯರು. ಮೊದಲ ಗಾಡಿ ಬರುವ ದಿನ ಕಣಜ ಕಂಡರೆ ನಿಲ್ಲಿಸುತ್ತೇವೆ, ಕಾಣದಿದ್ದರೆ ಹನ್ನೊಂದು ಮೈಲು ಮುಂದಿನ ಊರಿನವರು ಈಗಾಗಲೇ ಅಡಿಪಾಯ ತೋಡಿದ್ದಾರೆ, ನಿಲ್ದಾಣ ಅವರದ್ದೇ ಎಂದರು. ಅದಕ್ಕೆ ಇದ್ದ ಅವಧಿ ಎರಡು ತಿಂಗಳು. ಅಷ್ಟರಲ್ಲಿ ಹೊಸದು ಕಟ್ಟಲು ನಮ್ಮ ಬಯಲುಸೀಮೆಯಲ್ಲಿ ಮರ ಎಲ್ಲಿಂದ ತರುವುದು? ಗೌಡರು ನಮ್ಮ ಕಣಜವನ್ನೇ ತರುತ್ತೇವೆ ಎಂದರು. ರಾಯರು ಅದನ್ನು ಬಿಚ್ಚಿ ತಂದು ಕಟ್ಟುತ್ತೇವೆ ಎಂದು ತಿಳಿದುಕೊಂಡು ತಲೆಯಾಡಿಸಿ ಹೋದರು.

ಕಣಜ ಹೋದರೆ ಊರೂ ಅದರ ಜೊತೆಗೇ ಹೋಗಬೇಕೆಂದು ಸಭೆಯಲ್ಲಿ ಮಾತಾಯಿತು. ಕೈ ಎತ್ತಿದವರಲ್ಲಿ ನಾನೂ ಇದ್ದೆ. ವಿರೋಧ ಹೇಳಿದವಳು ದ್ಯಾಮವ್ವ ಒಬ್ಬಳೇ. ಅವಳು ನಮ್ಮ ಊರಿನ ಸೂಲಗಿತ್ತಿ, ಅರವತ್ತು ದಾಟಿದವಳು, ಗಂಡ ಸತ್ತ ಮೇಲೆ ಒಬ್ಬಳೇ ಇದ್ದವಳು. ಊರಿನ ಅರ್ಧ ಜನ ಅವಳ ಕೈಯಲ್ಲಿ ಹುಟ್ಟಿದವರು. ಹೊಗೆ ಕಾರುವ ಬಂಡಿಗಾಗಿ ಇದ್ದ ನೆಲ ಬಿಡುವುದು ಯಾತಕ್ಕೆ ಎಂದು ಕೇಳಿದಳು. ಆಮೇಲೆ ಎಲ್ಲರೂ ಸೇರಿ ತಿಳಿಸಿ ಹೇಳಿದ ಮೇಲೆ ಅವಳೂ ಸರಿ ಎಂದಳು.

ಮೊದಲು ಮನೆಗಳು ಹೋದವು. ಆ ದಿನಗಳನ್ನು ನೆನೆದರೆ ಈಗಲೂ ಮೈ ಹಗುರಾಗುತ್ತದೆ. ದಿನಕ್ಕೆ ನಾಲ್ಕು, ಐದು ಮನೆಗಳು ಎರೆಹೊಲದ ಮೇಲೆ ಸಾಲಾಗಿ ನಡೆದು ಹೋಗುತ್ತಿದ್ದವು. ಒಳಗೆ ಒಲೆಯ ಮೇಲೆ ಸಾರು ಕುದಿಯುತ್ತಿರುತ್ತಿತ್ತು. ಮುದುಕರು ಕಟ್ಟೆಯ ಮೇಲೆ ಕೂತುಕೊಂಡೇ ಬಂದರು. ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ಬೇರೆ ದಾರಿಯಿಲ್ಲದೆ ಮಾತಾಡಿದರು. ಒಂದು ಮನೆಯಲ್ಲಿ ಅತ್ತೆ ಸೊಸೆ ಒಂದು ಇಡೀ ದಿನ ಕದ ಹಾಕಿಕೊಂಡು ಜಗಳಾಡಿ, ಸಂಜೆಯ ಹೊತ್ತಿಗೆ ಇಬ್ಬರೂ ಹೊರಗೆ ಬಂದು ಒಂದೇ ಮೂಲೆಗೆ ಕೈ ಹಾಕಿದರು. ಮನೆ ಎದ್ದಿತು. ದ್ಯಾಮವ್ವನ ಮನೆಯೂ ಮೊದಲ ಸಲಕ್ಕೇ ಎದ್ದಿತ್ತು. ನನ್ನ ಮನೆಯೂ ಎದ್ದಿತು. ಎಲ್ಲಿ ಮಲಗಿದರೇನು ಎಂಬುದು ನನ್ನ ಲೆಕ್ಕ. ವರ್ಷದ ಅರ್ಧ ದಿನ ನಾನು ಗಾಡಿಯ ಕೆಳಗೇ ಮಲಗುವವನು.

ಕೊನೆಗೆ ಹಳೆಯ ಜಾಗದಲ್ಲಿ ಉಳಿದದ್ದು ಕಣಜ ಮಾತ್ರ. ಮೊದಲ ರೈಲಿಗೆ ಇನ್ನು ಹತ್ತು ದಿನ ಇತ್ತು. ಬೆಳಿಗ್ಗೆ ಇನ್ನೂರ ಮೂವತ್ತು ಜನ ಸುತ್ತ ನಿಂತು, ಗೌಡರು ಎಣಿಸಿದ ಮೇಲೆ ಒಟ್ಟಿಗೇ ಕೈ ಹಾಕಿದೆವು. ಒಂದು ಕೂದಲೆಳೆಯಷ್ಟೂ ಏಳಲಿಲ್ಲ. ಕೈಯಲ್ಲಿ ಆ ಕಲ್ಲಿನ ತಣ್ಣನೆಯ ಭಾರ ತಾಗಿದ ಕೂಡಲೇ ನನಗೆ ಗೊತ್ತಾಯಿತು, ಇದು ನನ್ನಿಂದ. ರೈಲು ಬಂದರೆ ನನ್ನ ಗಾಡಿಯಲ್ಲಿ ಕಾಳು ಹಾಕುವವರು ಯಾರು? ಪೇಟೆಯ ಹಾದಿಯಲ್ಲಿ ಆರು ಕಡೆ ನಾನು ಎತ್ತು ಬಿಚ್ಚುತ್ತಿದ್ದೆ. ಆರೂ ಕಡೆ ನನ್ನ ಗಾಡಿಯ ಗೆಜ್ಜೆ ಕೇಳಿಸಿದರೆ ಒಲೆಯ ಮೇಲೆ ರೊಟ್ಟಿಯ ಹಂಚು ಇಡುವವರು ಇದ್ದರು. ಅದನ್ನು ಬಿಟ್ಟುಕೊಡಲು ನನ್ನ ಮನಸ್ಸು ಒಪ್ಪಿರಲಿಲ್ಲ. ಸಭೆಯಲ್ಲಿ ಕೈ ಎತ್ತಿದವನು ಈಗ ಹಾಗೆ ಹೇಳುವುದು ಹೇಗೆಂದು ಸುಮ್ಮನೆ ನಿಂತೆ.

ಮೂರನೆಯ ದಿನ ಮತ್ತೆ ಪ್ರಯತ್ನ ಮಾಡಿದೆವು, ಆಗಲಿಲ್ಲ. ಜನ ಒಬ್ಬರ ಮುಖ ಒಬ್ಬರು ನೋಡತೊಡಗಿದರು. ಸಭೆಯಲ್ಲಿ ಬೇಡ ಅಂದವಳು ದ್ಯಾಮವ್ವ, ಆದ್ದರಿಂದ ಅವಳೇ ಇರಬೇಕೆಂದು ಯಾರೋ ಅಂದರು. ಒಬ್ಬರು ಅಂದದ್ದನ್ನು ಹತ್ತು ಜನ ಅಂದರು. ಗೌಡರು ಅವಳನ್ನು ಕರೆಸಿ ಕೇಳಿದರು. ಅವಳು ತಲೆ ತಗ್ಗಿಸಿ ನಿಂತಳೇ ಹೊರತು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಅಂದಿನಿಂದ ಅವಳ ಬಾಗಿಲಿಗೆ ಯಾರೂ ಹೋಗಲಿಲ್ಲ. ಬಾವಿಯ ಹತ್ತಿರ ಅವಳು ಬಂದರೆ ಹೆಂಗಸರು ಕೊಡ ಎತ್ತಿಕೊಂಡು ನಡೆದುಬಿಡುತ್ತಿದ್ದರು. ನಾನು ಇದನ್ನೆಲ್ಲ ನೋಡಿದೆ. ನೋಡಿ, ಎತ್ತುಗಳಿಗೆ ಮೇವು ಹಾಕುವ ನೆಪದಲ್ಲಿ ಹಿತ್ತಲಿಗೆ ಹೋದೆ.

ರೈಲು ಬರಲು ಮೂರು ದಿನ ಇದ್ದಾಗ ನನ್ನ ಮಗಳು ಬಂಗಾರೆವ್ವನಿಗೆ ಬೆಳಗಿನ ಹೊತ್ತು ಬೇನೆ ಶುರುವಾಯಿತು. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ನನ್ನ ಹೆಂಡತಿ ಸಾವಂತ್ರೆವ್ವ ಹೊರಗೆ ಬಂದು, ಐದು ಮೈಲು ದೂರದ ಊರಿನಿಂದ ಸೂಲಗಿತ್ತಿಯನ್ನು ಕರೆದುಕೊಂಡು ಬರಲು ಹೇಳಿದಳು. ದ್ಯಾಮವ್ವನ ಮನೆ ನಮ್ಮಿಂದ ನಾಲ್ಕನೆಯದು. ಅವಳನ್ನೇ ಕರೆದರಾಗದೆ ಎಂದೆ. ಊರೆಲ್ಲ ಬಿಟ್ಟವಳನ್ನು ನಾವು ಹೇಗೆ ಕರೆಯುವುದು ಎಂದಳು. ಉತ್ತರ ನನ್ನ ಬಾಯಲ್ಲೇ ಇತ್ತು. ಅದನ್ನು ನುಂಗಿ ಗಾಡಿ ಹೂಡಿದೆ.

ಆ ಸೂಲಗಿತ್ತಿ ಹಾದಿಯಲ್ಲಿ ಒಂದೇ ಮಾತು ಕೇಳಿದಳು, ನಿಮ್ಮಲ್ಲಿ ದ್ಯಾಮವ್ವ ಇದ್ದಾಳಲ್ಲ, ನನಗೆ ಈ ಕೆಲಸ ಕಲಿಸಿದವಳೇ ಅವಳು, ಜಡ್ಡಾಗಿದ್ದಾಳೇನು ಎಂದು. ನಾನು ಎತ್ತುಗಳನ್ನು ಬೈದು ಓಡಿಸಿದೆ. ಊರೊಳಗೆ ಗಾಡಿ ಬಂದಾಗ ದ್ಯಾಮವ್ವ ಬಾಗಿಲಲ್ಲಿ ನಿಂತಿದ್ದಳು. ಗಾಡಿಯಲ್ಲಿ ಯಾರಿದ್ದಾರೆಂದು ನೋಡಿದಳು.

"ಅಡಿವೆಪ್ಪ, ಬಂಗಾರಿ ಸಣ್ಣಾಕಿದ್ದಾಗಿಂದ ಅಂಜುಬುರುಕಿ. ಯಾರರೆ ಆಕಿ ಕೈ ಹಿಡಕೊಂಡು ಕುಂಡರ್ರಿ ಅಂತ ಹೇಳು," ಎಂದಳು.

ಮಧ್ಯಾಹ್ನಕ್ಕೆ ಹೆರಿಗೆ ಆಯಿತು, ಗಂಡು ಕೂಸು, ತಾಯಿ ಮಗು ಚೆನ್ನಾಗಿದ್ದರು. ಎಲ್ಲರೂ ಬೆಲ್ಲ ಹಂಚುತ್ತಿದ್ದಾಗ ನಾನು ನನ್ನ ಪಾಲನ್ನು ಹಿತ್ತಲಿಗೆ ಒಯ್ದು ಎತ್ತುಗಳಿಗೆ ತಿನ್ನಿಸಿದೆ.

ರೈಲು ಬರುವ ದಿನ ಬಂತು. ಮೂರು ಗಂಟೆಗೆ ಬರುತ್ತದೆಂದು ಹೇಳಿ ಕಳಿಸಿದ್ದರು. ಹೊತ್ತು ಏರುವ ಮೊದಲೇ ಇಡೀ ಊರು ಹಳೆಯ ಜಾಗಕ್ಕೆ ನಡೆದು ಬಂತು. ಮನೆಗಳಿದ್ದ ಕಡೆ ಚೌಕ ಚೌಕವಾಗಿ ಬಿಳಿ ನೆಲ ಕಾಣುತ್ತಿತ್ತು, ನಡುವೆ ಕಣಜ ಒಂದೇ ನಿಂತಿತ್ತು. ದ್ಯಾಮವ್ವ ಎಲ್ಲರಿಗಿಂತ ಹಿಂದೆ, ದೂರದಲ್ಲಿ ನಿಂತಳು. ಇವತ್ತು ಅವಳನ್ನು ಬಿಟ್ಟು ಎತ್ತಿ ನೋಡೋಣ ಎಂದು ಒಬ್ಬನು ಅಂದ. ಅಷ್ಟಕ್ಕೆ ನನ್ನ ಕಾಲು ತಾನಾಗಿಯೇ ಮುಂದೆ ಬಂತು.

"ಗೌಡ್ರ, ಆಕಿನ್ನ ಬಿಡ್ರಿ. ಏಳಗೊಡದಾಂವ ನಾನು," ಎಂದೆ.

ಯಾರೂ ಬೈಯಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಗೌಡರು ಯಾಕೆ ಎಂದು ಮೆಲ್ಲಗೆ ಕೇಳಿದರು. ನಾನು ಹಾದಿಯ ವಿಷಯ, ಆರು ತಂಗುದಾಣಗಳ ವಿಷಯ, ಇಪ್ಪತ್ತೆರಡು ವರ್ಷದ ವಿಷಯ ಎಲ್ಲ ಹೇಳಿದೆ. ಹೇಳುವಾಗ ಅಳು ಬಂತು, ನಲವತ್ತೊಂದರ ಗಂಡಸು ಎಲ್ಲರ ಮುಂದೆ ಅತ್ತೆ. ಸಾವಂತ್ರೆವ್ವ ಸೆರಗು ಬಾಯಿಗೆ ಇಟ್ಟುಕೊಂಡು ನಿಂತಿದ್ದಳು. ಆಗ ಕಣಜದಲ್ಲಿ ಕಾಳು ಅಳೆಯುವ ಮೌಲಾಸಾಬ ಹತ್ತಿರ ಬಂದು ನನ್ನ ಹೆಗಲ ಮೇಲೆ ಕೈ ಇಟ್ಟ. ದಕ್ಷಿಣಕ್ಕೆ ಏಳು ಹಳ್ಳಿಗಳಿವೆ, ಪೇಟೆ ದೂರವೆಂದು ಅವರು ಬೆಳೆದದ್ದನ್ನು ಅಲ್ಲಲ್ಲೇ ತಿಂದು ಮುಗಿಸುತ್ತಾರೆ, ಇನ್ನು ಮೇಲೆ ಅವರ ಕಾಳೂ ಇಲ್ಲಿಗೆ ಬರಬೇಕಲ್ಲ ಎಂದ.

"ಆ ಕಡೆ ಇನ್ನೂ ಒಂದು ಗಾಡಿ ಜಾಡೂ ಬಿದ್ದಿಲ್ಲ. ಮೊದಲ ಜಾಡು ಯಾರು ಹಾಕಬೇಕು, ನೀನಽ ಹೇಳಪ್ಪ," ಎಂದ.

ನಾನು ದಕ್ಷಿಣಕ್ಕೆ ತಿರುಗಿ ನೋಡಿದೆ. ಅಷ್ಟು ವರ್ಷದಲ್ಲಿ ಆ ಕಡೆಗೆ ನಾನು ಸರಿಯಾಗಿ ನೋಡಿಯೇ ಇರಲಿಲ್ಲ. ಬಯಲು ಬಯಲಾಗಿ ಬಿದ್ದಿತ್ತು, ಎಲ್ಲಿಂದ ಬೇಕಾದರೂ ಹೋಗಬಹುದಿತ್ತು. ನನ್ನೊಳಗೆ ಕಟ್ಟಿಕೊಂಡಿದ್ದ ಏನೋ ಬಿಚ್ಚಿಕೊಂಡಿತು. ಬರ್ರಿ ಎತ್ತೋಣ ಎಂದು ನಾನೇ ಮೊದಲು ಕೈ ಹಾಕಿದೆ. ಇನ್ನೂರ ಮೂವತ್ತು ಜನವೂ ಹಾಕಿದರು, ದ್ಯಾಮವ್ವನೂ ಬಂದು ಹಿಂದಿನ ಮೂಲೆಗೆ ಕೈ ಹಾಕಿದಳು.

ಕಣಜ ಏಳಲಿಲ್ಲ.

ಎಲ್ಲರ ಕಣ್ಣೂ ನನ್ನ ಮೇಲೆ ಬಿತ್ತು. ನಾನು ಒಪ್ಪಿದ್ದೇನೆ ಎಂದು ಮಗಳ ಕೂಸಿನ ಆಣೆ ಇಟ್ಟೆ. ಆಗ ದ್ಯಾಮವ್ವ ನಿಧಾನವಾಗಿ ನಡೆದುಕೊಂಡು ಬಂದು ಕಣಜದ ಮೆಟ್ಟಿಲ ಮೇಲೆ ಕೂತಳು. "ನಾನೂ ಇದ್ದೇನಿ," ಎಂದಳು. "ನಮ್ಮವರು ಈ ಮಾಳಿಗಿ ಹೊಚ್ಚುವಾಗ ಮ್ಯಾಲಿಂದ ಬಿದ್ದು ಹೋದ್ರು. ಇಲ್ಲೇ, ಈ ಮೂಲ್ಯಾಗ. ಕಣಜ ಹ್ವಾದ ಮ್ಯಾಲೆ ಈ ಜಾಗಾ ಯಾರಿಗೆ ನೆನಪಿರತೈತಿ. ಅಡಿವೆಪ್ಪ ಬಾಯಿ ಬಿಟ್ಟ ಅಂತ ನಾನೂ ಬಿಟ್ಟೆ."

ಅವಳು ಸುಮ್ಮನಿದ್ದಿದ್ದರೆ ಅವತ್ತು ಎಲ್ಲರೂ ಅವಳ ಕ್ಷಮೆ ಕೇಳಿ ಮುಗಿಸುತ್ತಿದ್ದರು. ಹಾಗಿದ್ದೂ ಅವಳು ಹೇಳಿದಳು. ಕಲ್ಲುಕೆಲಸದ ಇಬ್ಬರು ಅಲ್ಲೇ ಬಿದ್ದಿದ್ದ ಒಂದು ಆಳೆತ್ತರದ ಕಲ್ಲನ್ನು ಎಳೆದು ತಂದು, ಅವಳು ತೋರಿಸಿದ ಜಾಗದಲ್ಲಿ ಗುಂಡಿ ತೋಡಿ ನಿಲ್ಲಿಸಿದರು. ಅವಳು ಕಲ್ಲನ್ನು ಅಲ್ಲಾಡಿಸಿ ನೋಡಿ, ಭದ್ರವಿದೆ ಎಂದು ಖಾತ್ರಿ ಮಾಡಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಳು. ಮತ್ತೆ ಕೈ ಹಾಕಿದೆವು. ಆಗಲೂ ಏಳಲಿಲ್ಲ.

ಈ ಸಲ ಮಾತಾಡಿದವನು ಮೌಲಾಸಾಬನೇ. ನನಗೆ ಸಮಾಧಾನ ಹೇಳಿದವನು ತನ್ನ ಗಡ್ಡ ತಿಕ್ಕಿಕೊಳ್ಳುತ್ತ, ರೈಲಿನವರು ತಕ್ಕಡಿಯಲ್ಲಿ ತೂಗುತ್ತಾರಂತೆ, ಹಾಗಾದರೆ ನನ್ನ ಕೊಳಗ, ಸೇರು ಯಾರಿಗೆ ಬೇಕು ಎಂಬುದೊಂದು ಹೊಟ್ಟೆಯಲ್ಲಿದೆ ಎಂದ. ಜನ ನಕ್ಕರು. ನಗುತ್ತಲೇ, ಕಣಜದ ಬಾಗಿಲೊಳಗೆ ಹೋಗುವುದೆಲ್ಲ ಅವನ ಕೊಳಗದಲ್ಲೇ ಅಳೆದು ಹೋಗಬೇಕು, ಹೊರಗೆ ಬಂದ ಮೇಲೆ ರೈಲಿನವರು ಹೇಗಾದರೂ ತೂಗಿಕೊಳ್ಳಲಿ ಎಂದು ಠರಾವು ಮಾಡಿದರು. ಆಮೇಲೆ ಬಾಯಿಗಳು ಒಂದೊಂದಾಗಿ ಬಿಚ್ಚಿಕೊಂಡವು. ಇಬ್ಬರು ಸೊಸೆಯಂದಿರಿಗೆ ತವರು ಎರಡು ಮೈಲು ಹೆಚ್ಚು ದೂರವಾಗಿತ್ತು, ಕಣಜ ಏಳದಿದ್ದರೆ ಊರು ಹಿಂದಿರುಗೀತೆಂದು ಆಸೆಪಟ್ಟಿದ್ದರು. ಒಬ್ಬ ಮುದುಕನಿಗೆ ರೈಲಿನ ಸದ್ದಿಗೆ ಎಮ್ಮೆ ಹಾಲು ಕೊಡುವುದಿಲ್ಲವೆಂಬ ಭಯ. ಏಳು ವರ್ಷದ ಒಂದು ಹುಡುಗಿ, ಕಣಜದ ತಳದಲ್ಲಿ ಬೆಕ್ಕು ಮರಿ ಹಾಕಿದೆ, ಎತ್ತಿದರೆ ಅವು ಸಾಯುತ್ತವೆ ಎಂದು ಹತ್ತು ದಿನದಿಂದ ಯಾರಿಗೂ ಹೇಳದೆ ಇಟ್ಟುಕೊಂಡಿದ್ದಳು. ಮರಿಗಳನ್ನು ಅವಳ ಲಂಗದಲ್ಲೇ ಹಾಕಿ ಕೊಟ್ಟೆವು. ಎಲ್ಲ ಮುಗಿದ ಮೇಲೆ ಎಣಿಸಿದರೆ ನಾವು ಹದಿಮೂರು ಜನ ಇದ್ದೆವು. ಹತ್ತು ದಿನ ನಾನೊಬ್ಬನೇ ಕಳ್ಳನೆಂದು ತಿಳಿದು ಬೆಂದಿದ್ದೆ.

ಹನ್ನೆರಡು ಜನರದ್ದು ಮುಗಿದ ಮೇಲೂ ಕಣಜ ನೆಲ ಬಿಡಲಿಲ್ಲ. ನೆತ್ತಿಯ ಮೇಲೆ ಸೂರ್ಯ ಬಂದಿದ್ದ. ಎಲ್ಲರೂ ಇನ್ನು ಯಾರು ಎಂದು ನೋಡುತ್ತಿದ್ದಾಗ ನೀಲನಗೌಡರು ತಮ್ಮ ರುಮಾಲು ತೆಗೆದು ಕೈಯಲ್ಲಿ ಹಿಡಿದರು. ಊರನ್ನು ರೈಲಿಗೆ ಹೊರಡಿಸಿದವರೇ ಅವರು. "ಅಲ್ಲಿ ಟೊಪಗಿ ಹಾಕ್ಕೊಂಡು ಸ್ಟೇಷನ್ ಮಾಸ್ತರ ಬಂದು ಕುಂಡರತಾನ," ಎಂದರು. "ಮಂದಿ ಅವನ್ನ ಕೇಳತಾರ. ನನ್ನ ಯಾರು ಕೇಳತಾರ?"

ಅದಕ್ಕೆ ಉತ್ತರ ಕೊಟ್ಟವಳು ದ್ಯಾಮವ್ವ. ಗೌಡರನ್ನು ಈ ಲೋಕಕ್ಕೆ ತಂದವಳೂ ಅವಳೇ ಆದ್ದರಿಂದ ಅವಳಿಗೆ ಆ ಹಕ್ಕಿತ್ತು. "ಮಾಸ್ತರ ಗಾಡಿ ನಿಂದರಸ್ತಾನ, ಮಂದಿನ್ನ ನಿಂದರಸಾಕ ನೀನಽ ಬೇಕಲ್ಲೋ ತಮ್ಮಾ," ಎಂದಳು. "ನಡಿ, ಹೊತ್ತಾತು. ಮುಂದ ನಿಂತು ಎಣಸು."

ಗೌಡರು ರುಮಾಲು ಸುತ್ತಿಕೊಂಡು ಮುಂದೆ ನಿಂತು ಎಣಿಸಿದರು. ಮೂರು ಅನ್ನುವಷ್ಟರಲ್ಲಿ ಕಣಜ ಎದ್ದಿತ್ತು. ನಾವು ಎತ್ತಿದೆವೆನ್ನುವುದಕ್ಕಿಂತ ಅದೇ ನಮ್ಮ ಕೈಗೆ ಹಾರಿಬಂತು ಎನ್ನಬೇಕು. ಆರುನೂರು ಚೀಲ ಜೋಳ ಒಳಗಿತ್ತು. ನನ್ನ ಹೆಗಲಿಗೆ ತಗುಲಿದ್ದು ಒಂದು ಕಂಬಳಿಯಷ್ಟು ಭಾರ. ಯಾರೋ ದನಿ ಎತ್ತಿ ಬೀಸುವ ಪದ ಹಾಡಲು ಶುರುಮಾಡಿದರು, ಎಲ್ಲರೂ ಹಿಡಿದುಕೊಂಡರು. ಎರೆನೆಲ ಬಿರುಕು ಬಿಟ್ಟಿತ್ತು, ಕಾಲು ಸಿಕ್ಕಿಕೊಳ್ಳುತ್ತಿತ್ತು. ಹಳ್ಳ ದಾಟುವಾಗ ಮುಂದಿನವರು ಸೊಂಟದುದ್ದ ತಗ್ಗಿಗಿಳಿದು ಎರಡೂ ಕೈ ಮೇಲೆ ಮಾಡಿ ಕಣಜವನ್ನು ಮಟ್ಟಸವಾಗಿ ಹಿಡಿದರು.

ಹೊಸ ಊರು ಎರಡು ಫರ್ಲಾಂಗು ಇದ್ದಾಗ ಪಡುವಣದಲ್ಲಿ ಹೊಗೆ ಕಂಡಿತು. ಆಮೇಲೆ ಸಿಳ್ಳು ಕೇಳಿಸಿತು. ನಾವು ಯಾರೂ ಅದುವರೆಗೆ ರೈಲು ನೋಡಿದವರಲ್ಲ, ಆದರೆ ಅದು ನಮಗಾಗಿ ಕಾಯುವುದಿಲ್ಲವೆಂದು ಗೊತ್ತಿತ್ತು. ಮನೆ ಹೊತ್ತುಕೊಂಡು ಓಡಿದವರು ನಮ್ಮ ಊರಿನಲ್ಲಿ ಹಿಂದೆ ಯಾರೂ ಇಲ್ಲ. ಎಡವಿದರೆ ಕೆಳಗಿದ್ದವರೆಲ್ಲ ಹೋದಂತೆಯೇ. ಗೌಡರು ತಿರುಗಿ ನಮ್ಮನ್ನು ನೋಡಿದರು. ಓಡಬೇಕೆಂದು ಅವರು ಹೇಳಲಿಲ್ಲ. ನಾವಾಗಲೇ ಓಡುತ್ತಿದ್ದೆವು. ಸಾವಂತ್ರೆವ್ವ ನನ್ನ ಪಕ್ಕದಲ್ಲಿ ಓಡಿದಳು, ಮೌಲಾಸಾಬ ಓಡಿದ, ಬೆಕ್ಕಿನ ಮರಿಗಳನ್ನು ಕಟ್ಟಿಕೊಂಡ ಹುಡುಗಿ ಓಡಿದಳು. ದ್ಯಾಮವ್ವನ ಕಾಲು ಸೋತಾಗ ಅವಳನ್ನು ಕಣಜದ ಮೆಟ್ಟಿಲ ಮೇಲೆಯೇ ಕೂಡಿಸಿಕೊಂಡೆವು. ಅವಳು ಬಾಗಿಲ ಚಿಲಕ ಹಿಡಿದುಕೊಂಡು, ಹುಲ್ಲಿನ ಬಂಡಿಯ ಮೇಲೆ ಕೂತವಳ ಹಾಗೆ ಹಳಿಯ ಕಡೆ ನೋಡುತ್ತ ಬಂದಳು. ಇಂಜಿನ್ನು ಬಲಗಡೆ, ನಾವು ಎಡಗಡೆ, ಇಬ್ಬರೂ ಒಂದೇ ಜಾಗಕ್ಕೆ ಓಡುತ್ತಿದ್ದೆವು.

ಹಳಿಯ ಪಕ್ಕ ಮೊದಲೇ ಹಾಕಿಟ್ಟಿದ್ದ ಹಾಸುಗಲ್ಲಿನ ಮೇಲೆ ಕಣಜವನ್ನು ಇಳಿಸಿದಾಗ ಇಂಜಿನ್ನು ಐವತ್ತು ಮಾರು ದೂರದಲ್ಲಿತ್ತು. ಧೂಳು ಎದ್ದು ಏನೂ ಕಾಣಲಿಲ್ಲ. ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಕರ್ಕಶ ಸದ್ದು ಬಹಳ ಹೊತ್ತು ಕೇಳಿಸಿತು, ಮತ್ತೆ ನಿಂತಿತು. ಧೂಳು ಕೂತ ಮೇಲೆ ನೋಡಿದರೆ ಇಂಜಿನ್ನು ಕಣಜದ ಬಾಗಿಲಿಗೆ ಸರಿಯಾಗಿ ನಿಂತು ಉಸಿರು ಬಿಡುತ್ತಿತ್ತು. ಡ್ರೈವರನ ಬಾಯಿ ತೆರೆದೇ ಇತ್ತು. ನಮ್ಮವರ ಕೂಗು, ಸಿಳ್ಳೆಗೆ ಎತ್ತುಗಳು ಗೂಟ ಕಿತ್ತುಕೊಂಡು ಹೋದವು. ಗಂಡಸರು ಹೆಂಗಸರೆನ್ನದೆ ಕುಣಿದರು. ಹದಿನೈದು ವರ್ಷ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ಒಬ್ಬರನ್ನೊಬ್ಬರು ಎತ್ತಿಕೊಂಡು ತಿರುಗಿಸುತ್ತಿದ್ದರು. ದ್ಯಾಮವ್ವ ಮೆಟ್ಟಿಲಿಂದ ಇಳಿದ ಕೂಡಲೇ ಸಾವಂತ್ರೆವ್ವ ಅವಳ ಕಾಲು ಮುಟ್ಟಿದಳು. ದ್ಯಾಮವ್ವ ಅವಳನ್ನು ಎಬ್ಬಿಸಿ, ಮೊದಲು ಬಂಗಾರಿಯ ಕೂಸನ್ನು ತೋರಿಸು ನಡಿ ಎಂದಳು.

ವಾಮನರಾಯರು ಡಬ್ಬಿಯಿಂದ ಇಳಿದು ಬಂದರು. ಕಣಜವನ್ನು ಒಂದು ಸುತ್ತು ಸುತ್ತಿದರು. ಗೋಡೆಯನ್ನು ಬೆರಳಿನಿಂದ ತಟ್ಟಿದರು, ಬಗ್ಗಿ ತಳ ನೋಡಿದರು, ಬಾಗಿಲು ತೆಗೆಸಿ ಚೀಲಗಳನ್ನು ನೋಡಿದರು. ಆಮೇಲೆ ಜೇಬಿನಿಂದ ಪುಸ್ತಕ ತೆಗೆದು, ಕಂಪನಿಗೆ ಬರೆಯಬೇಕು, ಇದನ್ನು ಎಷ್ಟು ಮಂದಿ ಹೊತ್ತಿರಿ ಎಂದು ಗೌಡರನ್ನು ಕೇಳಿದರು. ಗೌಡರು ನಮ್ಮನ್ನೆಲ್ಲ ಒಮ್ಮೆ ನೋಡಿದರು.

"ಒಬ್ಬರೂ ಕಡಿಮಿ ಇದ್ದಿಲ್ರಿ," ಎಂದರು.

ರಾಯರು ಏನು ಬರೆದುಕೊಂಡರೋ ಗೊತ್ತಿಲ್ಲ. ಮೌಲಾಸಾಬ ಕೊಳಗದಲ್ಲಿ ಅಳೆದು ಕೊಟ್ಟ ನೂರು ಚೀಲ ಜೋಳ ಅವತ್ತೇ ಡಬ್ಬಿ ಹತ್ತಿತು. ಮರುದಿನ ಬೆಳಿಗ್ಗೆ ನಾನು ಎತ್ತಿನ ಕೊರಳಿಗೆ ಗೆಜ್ಜೆ ಕಟ್ಟಿ ಗಾಡಿಯನ್ನು ದಕ್ಷಿಣಕ್ಕೆ ತಿರುಗಿಸಿದೆ. ಗುರುತಿಲ್ಲದ ನೆಲ, ಎಲ್ಲಿ ತಗ್ಗು ಎಲ್ಲಿ ದಿನ್ನೆ ಗೊತ್ತಿರಲಿಲ್ಲ. ಮೊದಲ ಹಳ್ಳಿಯವರು ಗಾಡಿಯ ಸದ್ದಿಗೆ ಹೊರಗೆ ಬಂದು ಯಾರು ನೀನು ಎಂದು ಕೇಳಿದರು. ರೈಲು ನಿಲ್ಲುವ ಊರಿನವನು ಎಂದು ಹೇಳಿದೆ. ಐದನೆಯ ದಿನ ನಾನು ವಾಪಸು ಬರುವಾಗ ನನ್ನ ಹಿಂದೆ ಒಂಬತ್ತು ಗಾಡಿಗಳಿದ್ದವು, ಒಂಬತ್ತೂ ನನ್ನ ಜಾಡಿನಲ್ಲಿ.